ನೆಚ್ಚುವುದಕ್ಕೆ ವಿಡಿಯೊ ಬೇಕೇ?

ನಿಮ್ಮ ಸಾರ್ವಕಾಲಿಕ ನೆಚ್ಚಿನ ಫುಟ್‌ಬಾಲ್ ಆಟಗಾರರು ಯಾರು ಎಂದು ಕೇಳಿನೋಡಿ. ಬೆಂಗಳೂರಿನ ಅಭಿಮಾನಿಯೂ ಗೋಕಾಕ ತಾಲ್ಲೂಕಿನ ಅಂಕಲಗಿಯ ಕಾಲೇಜು ಹುಡುಗನೂ ಹೆಚ್ಚುಕಡಿಮೆ ಒಂದೇ ಪಟ್ಟಿ ಕೊಡುತ್ತಾರೆ: ಪೆಲೆ, ಮರಡೋನಾ, ಮೆಸ್ಸಿ, ರೊನಾಲ್ಡೊ. ನಮ್ಮವರು ಯಾರೂ ಇಲ್ಲವೇ ಎಂದರೆ ಸುನಿಲ್ ಛೆಟ್ರಿಯ ಹೆಸರು ಬಂದೀತು. ಇದಕ್ಕೆ ಎರಡು ಸಮರ್ಥನೆಗಳು ಸಿದ್ಧವಾಗಿರುತ್ತವೆ. ಕಣ್ಣಾರೆ ಕಾಣದವರನ್ನು ನೆಚ್ಚುವುದು ಹೇಗೆ? ಗೋಲು, ಕಪ್ಪುಗಳ ಲೆಕ್ಕದಲ್ಲಿ ನಮ್ಮವರು ನಿಲ್ಲುತ್ತಾರೆಯೇ? ಎರಡನ್ನೂ ನಾನು ಒಪ್ಪುವುದಿಲ್ಲ.

ಇಂದಿನ ಹುಡುಗ ಪೆಲೆಯನ್ನು ಎಷ್ಟು ಕಂಡಿದ್ದಾನೆ? 1958ರ ಸ್ವೀಡನ್ ವಿಶ್ವಕಪ್‌ನ ಕೆಲವು ನಿಮಿಷಗಳ ತುಣುಕುಗಳನ್ನು. ಉಳಿದದ್ದನ್ನೆಲ್ಲ ಅವನು ಹಿರಿಯರ ಮಾತಿನ ಮೇಲೆ ನಂಬಿದ್ದಾನೆ. ಅದರಲ್ಲಿ ತಪ್ಪೇನಿಲ್ಲ. ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿ ಬೆಳೆದವರಿಗೆ ಇದು ಹೊಸದೂ ಅಲ್ಲ. ಯಾವ ಪೈಲ್ವಾನ ಯಾವ ಪಟ್ಟು ಹಾಕಿ ಎದುರಾಳಿಯನ್ನು ಚಿತ್ ಮಾಡಿದ ಎಂದು ಅಜ್ಜ ಹೇಳಿದರೆ ಮೊಮ್ಮಗ ವಿಡಿಯೊ ಕೇಳುವುದಿಲ್ಲ. ಆ ನಂಬಿಕೆ ಫುಟ್‌ಬಾಲಿಗೆ ಬಂದಾಗ ಮಾತ್ರ ಯಾಕೆ ಕಡಲಾಚೆಯವರಿಗಷ್ಟೇ ಮೀಸಲಾಗಬೇಕು?

ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1948ರ ಲಂಡನ್‌ನಲ್ಲಿ, ಹಲವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸಿಗೆ ಸೋತದ್ದು 1–2ರಿಂದ, ಅದೂ ಎರಡು ಪೆನಾಲ್ಟಿ ಕೈತಪ್ಪಿದ್ದರಿಂದ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಬೆಂಗಳೂರಿನ ಕೆಂಪಯ್ಯ ತಂಡದಲ್ಲಿದ್ದರು. ಇವರ ಹೆಸರನ್ನೇ ಕೇಳದೆ ಮಾಡಿದ ಪಟ್ಟಿಯನ್ನು ಸಾರ್ವಕಾಲಿಕ ಎನ್ನಬಾರದು. ಅದು ಟಿವಿ ಬಂದ ಮೇಲಿನ ಕಾಲದ ಪಟ್ಟಿ.

ಇನ್ನು ಲೆಕ್ಕದ ಮಾತು. ಮೆಸ್ಸಿಯ ಸಾಧನೆಯ ಪಕ್ಕದಲ್ಲಿ ಅಹ್ಮದ್ ಖಾನರದನ್ನು ಇಟ್ಟು ತೂಗಲು ನಾನು ಹೊರಟಿಲ್ಲ. ಅತ್ಯುತ್ತಮ ಯಾರೆಂಬುದಕ್ಕೆ ಅಂಕಿಅಂಶ ಬೇಕು, ನಿಜ. ಆದರೆ ನಾವು ಕೇಳುತ್ತಿರುವುದು ನೆಚ್ಚಿನವರು ಯಾರೆಂದು. ಕನ್ನಡದಲ್ಲಿ ನೆಚ್ಚುವುದು ಎಂದರೆ ನಂಬುವುದು, ಭರವಸೆ ಇಡುವುದು. ಮಳೆಯನ್ನು ನೆಚ್ಚಿ ಬಿತ್ತುತ್ತೇವೆ, ಎತ್ತನ್ನು ನೆಚ್ಚಿ ಗಾಡಿ ಹೂಡುತ್ತೇವೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೆಲೆಯಿಲ್ಲ. ತಂಡ ಕುಸಿಯುತ್ತಿದ್ದಾಗಲೂ ಗೋಲಿನ ಕಡೆಗೆ ಓಡಿದವನನ್ನು ನೆಚ್ಚದೆ ಇನ್ನಾರನ್ನು ನೆಚ್ಚಬೇಕು?

ಹಳಬರ ಆಟದ ಚಿತ್ರಣ ಸಿಗುವುದೇ ಇಲ್ಲ, ಏನು ಮಾಡುವುದು ಎಂದು ಇನ್ನೂ ಹೇಳುವವರಿದ್ದಾರೆ. ಅವರಿಗೆ ತೀರಾ ಈಚಿನ ಸಂಗತಿಯೊಂದನ್ನು ನೆನಪಿಸುತ್ತೇನೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವಾಗಿದ್ದಾಗ 1968–69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಪಡೆದ ಕಪ್ಪು ಅದು. ಆ ಆಟವನ್ನು ಇವತ್ತೂ ಮೊಬೈಲಿನಲ್ಲಿ ಹುಡುಕಿ ನೋಡಬಹುದು. ಹಾಗಿದ್ದೂ ಆ ತಂಡದ ಮೂವರ ಹೆಸರನ್ನು ತಡವರಿಸದೆ ಹೇಳುವ ಅಭಿಮಾನಿ ನನಗೆ ಸಿಕ್ಕಿಲ್ಲ. ಅಹ್ಮದ್ ಖಾನರನ್ನು ಬಿಟ್ಟದ್ದು ಕ್ಯಾಮೆರಾ ಎನ್ನೋಣ. ಈ ಹುಡುಗರನ್ನು ಬಿಟ್ಟವರು ನಾವೇ.