ಉಡಿ, ಸೆರಗು, ಗಂಡಸರ ಅಂಗಿ

ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತುವವರಿಗೆ ಉಡುಪಿನ ಬಗ್ಗೆ ಸಿಗುವ ಸಲಹೆ ಎಲ್ಲಿ ಓದಿದರೂ ಒಂದೇ: ಸಡಿಲ ಪ್ಯಾಂಟು, ತುಂಬು ತೋಳಿನ ಅಂಗಿ, ಹೆಗಲಿಗೊಂದು ಶಾಲು. ಗುಡಿಯಲ್ಲಿ ಆ ಶಾಲು ಮೈ ಮುಚ್ಚುತ್ತದೆ, ದರ್ಗಾದಲ್ಲಿ ತಲೆ ಮುಚ್ಚುತ್ತದೆ, ರೈಲಿನಲ್ಲಿ ಹೊದಿಕೆಯಾಗುತ್ತದೆ. ಸಲಹೆ ಕೆಟ್ಟದ್ದೇನಲ್ಲ. ಹಂಪಿಯ ಅಂಗಡಿಗಳ ಮುಂದೆ ತೂಗುವ ಆನೆ ಚಿತ್ರದ ಜೋಲು ಪ್ಯಾಂಟು ಹುಟ್ಟಿದ್ದು ಇದೇ ಸಲಹೆಯಿಂದ ಇರಬೇಕು. ಪರದೇಶದ ಹುಡುಗ ಹುಡುಗಿಯರು ಅದನ್ನೇ ಈ ನಾಡಿನ ಉಡುಪೆಂದು ನಂಬಿ ತೊಡುತ್ತಾರೆ. ಈ ನಾಡಿನವರು ಮಾತ್ರ ತೊಟ್ಟದ್ದು ಕಾಣೆ.

ಇಂಥ ಸಲಹೆ ಓದದೆಯೇ ಹೆಗಲಿಗೆ ಗಂಟು ಏರಿಸಿ ದೂರ ನಡೆಯುವವರು ಈ ನಾಡಿನಲ್ಲೇ ಇದ್ದಾರೆ. ವಿಜಯಪುರದಿಂದ ಕೊಲ್ಹಾರದ ದಾರಿ ಹಿಡಿದರೆ ಮುಳವಾಡ ಸಿಗುತ್ತದೆ. ಈ ಊರಿನ ಆಸುಪಾಸು, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯಿಂದೆಲ್ಲ ಪ್ರತಿ ವರ್ಷ ಯುಗಾದಿಗೆ ಮುಂಚೆ ಜನ ಶ್ರೀಶೈಲದ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ ಕಡೆಗೆ ನಡೆಯುತ್ತಾರೆ. ಮುಂದೆ ಹೆಗಲ ಮೇಲೆ ಹೊರುವ ದೇವರ ಕಂಬಿ, ಹಿಂದೆ ಗಂಟುಮೂಟೆ. ರಾಯಚೂರು ಸೀಮೆ ದಾಟಿ ತೆಲುಗು ನಾಡು ಹೊಕ್ಕು, ಆತ್ಮಕೂರಿನ ಆಚೆ ನಲ್ಲಮಲ ಕಾಡು ಸೇರಿ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಹಾದು ಕೈಲಾಸ ದ್ವಾರ ಮುಟ್ಟುವ ದಾರಿ ಅದು. ಭಾಷೆ ಬದಲಾಗುತ್ತದೆ, ಅನ್ನ ಬದಲಾಗುತ್ತದೆ, ಮಲಗುವ ಜಾಗ ದಿನಕ್ಕೊಂದು. ಹೆಗಲ ಮೇಲಿನ ಸಾಮಾನಿನಲ್ಲೇ ಬದುಕುತ್ತ ಪರನಾಡಿನಲ್ಲಿ ನಡೆಯುವ ಇವರ ಉಡುಪನ್ನು ಭಕ್ತಿಯ ಲೆಕ್ಕಕ್ಕೆ ಸೇರಿಸಿ ಕೈಮುಗಿದು ಬಿಡುತ್ತೇವೆ. ದಾರಿಯ ಉಡುಪಾಗಿ ಅದು ಎಷ್ಟು ಗಟ್ಟಿ, ಎಲ್ಲಿ ಪೊಳ್ಳು ಎಂದು ನೋಡುವುದು ಇಲ್ಲಿಯ ಉದ್ದೇಶ.

ಮೊದಲ ಅಂಕ ಇವರಲ್ಲಿ ಹೆಂಗಸರು ಉಡುವ ಇಳಕಲ್ ಸೀರೆಗೇ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಒಡಲು ನೂಲಿನದಾದರೆ ಬೆವರು ಹೀರುತ್ತದೆ. ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ, ಕೆಂಪು ನೆಲದ ಮೇಲೆ ಟೋಪ ತೆನಿ ಎಂಬ ಬಿಳಿಯ ವಿನ್ಯಾಸ. ಚಂದ್ರಕಾಳಿಯಂಥ ಕಪ್ಪು ಒಡಲಾದರೆ ನಾಲ್ಕು ದಿನದ ಧೂಳು ಕುಡಿದರೂ ಹೇಳಿಕೊಳ್ಳುವುದಿಲ್ಲ. ತಲೆ ಮೇಲೆ ಎಳೆದುಕೊಂಡ ಸೆರಗು ಹಿರಿಯರೆದುರು ಮರ್ಯಾದೆ, ಮಾರ್ಚ್ ತಿಂಗಳ ಬಿಸಿಲೆದುರು ಕೊಡೆ. ಟಿಕೆಟ್ಟು, ರೊಕ್ಕ ಸೆರಗಿನ ತುದಿಯ ಗಂಟಿಗೆ. ಉಡಿಯಲ್ಲಿ ಶೇಂಗಾ, ಬೆಲ್ಲ, ದಾಸೋಹದಲ್ಲಿ ಕೊಟ್ಟ ಬಾಳೆಹಣ್ಣು. ಗುಳೇದಗುಡ್ಡದ ಖಣದ ಕುಬಸವನ್ನು ಹಳೆಯ ಕಾಲದವರು ಮುಂದೆ ಗಂಟು ಹಾಕಿ ತೊಡುತ್ತಿದ್ದರು. ಗುಂಡಿ ಕಿತ್ತುಹೋಗುವ ಭಯವಿಲ್ಲ, ಮೈ ಊದಿದರೂ ಬತ್ತಿದರೂ ಗಂಟು ಸರಿಸಿದರಾಯಿತು. ಒಂಬತ್ತು ಗಜ ಉಟ್ಟವಳು ಭೀಮನಕೊಳ್ಳದ ಕಲ್ಲು ಮೆಟ್ಟಿಲು ಬಂದಾಗ ಕಚ್ಚೆ ಬಿಗಿದು ಹತ್ತಬಲ್ಲಳು. ಜೇಬುಗಳೇ ತುಂಬಿದ ಪ್ರಯಾಣದ ಪ್ಯಾಂಟು ಹೊಲಿಯುವ ಕಂಪನಿಗಳು ಇಷ್ಟು ಕೆಲಸವನ್ನು ಒಂದೇ ಬಟ್ಟೆಯಿಂದ ಮಾಡಿಸಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಈ ಹೆಂಗಸರು ತೆಲುಗು ಊರಿನಲ್ಲಿ ತೆಲುಗರಂತೆ ಕಾಣಲು ಹೊರಡುವುದಿಲ್ಲ. ಕೆಂಪು ಸೆರಗು ಕಂಡೊಡನೆ ಕನ್ನಡದ ಕಡೆಯಿಂದ ಬಂದವರು, ಮಲ್ಲಯ್ಯನ ಮಂದಿ ಎಂದು ಗೊತ್ತಾಗುತ್ತದೆ; ಆ ಗುರುತೇ ನೀರು, ನೆರಳು, ಜಗಲಿ ದೊರಕಿಸುತ್ತದೆ. ಪರವೂರಿನಲ್ಲಿ ಮರ್ಯಾದೆಯಿಂದ ಇರುವುದೆಂದರೆ ಅಲ್ಲಿಯವರ ವೇಷ ಹಾಕುವುದು ಎಂದು ತಿಳಿದ ಪ್ರವಾಸಿ ಇಲ್ಲಿ ಕಲಿಯಬೇಕಾದ್ದಿದೆ. ಆತಿಥೇಯರಿಗೆ ಮುಜುಗರವಾಗದಂತೆ ತನ್ನದನ್ನೇ ಉಟ್ಟವರು ಹೆಚ್ಚು ಬೇಗ ಒಳಗಿನವರಾಗುತ್ತಾರೆ.

ಇನ್ನು ಕುಂದುಗಳು. ಒಂಬತ್ತು ಗಜ ಉಡುವವರು ಈಗ ಅಜ್ಜಿಯರು ಮಾತ್ರ. ಅವರ ಸೊಸೆಯಂದಿರು ಉಡುವ ಆರು ಗಜದ ಸೀರೆಗೆ ಕಚ್ಚೆ ಬರುವುದಿಲ್ಲ, ಒಳಲಂಗ ಬೇಕು. ಅದು ಬೆವರಿಗೆ ಕಾಲಿಗಂಟಿ ತೊಡೆ ಉಜ್ಜಿ ಹುಣ್ಣು ಮಾಡುತ್ತದೆ. ಕೃತಕ ರೇಷ್ಮೆಯ ಸೆರಗು ತಲೆ ಮೇಲೆ ನಿಲ್ಲದೆ ಜಾರುತ್ತಲೇ ಇರುತ್ತದೆ. ಒಗೆದರೆ ದಪ್ಪ ದಡಿ ಬೆಳಗಾದರೂ ಒಣಗದು. ಹಾಗಾಗಿ ಹರೆಯದವರು ಚೂಡಿದಾರಕ್ಕೆ ಹೋದರು, ಬಿಡಾರ ಬಿದ್ದ ಮೇಲೆ ನಡುವಯಸ್ಸಿನವರು ನೈಟಿಗೆ ಹೋದರು, ನೈಟಿಯ ಮೇಲೆ ಒಂದು ಟವೆಲ್ಲು. ಈ ಟವೆಲ್ಲನ್ನು ನೋಡಿ ನಗುವವರಿದ್ದಾರೆ. ನನಗೆ ಅದು ಬಲು ಜಾಣತನದ್ದೆನಿಸುತ್ತದೆ: ಮನೆಯೊಳಗಿನ ಬಟ್ಟೆ ಒಂದೇ ತುಂಡು ಅರಿವೆಯಿಂದ ಬೀದಿಗೂ ಸಲ್ಲುವಂತಾಯಿತು.

ಜಾಣತನದ ಮಾತಿಗೆ ಬಂದರೆ ನನ್ನ ಮೊದಲ ಬಹುಮಾನ ಪಾದಯಾತ್ರೆಯ ಆಚೆ ಹೋಗುತ್ತದೆ. ಮಳೆ ಕೈಕೊಟ್ಟಾಗ ಇದೇ ಸೀಮೆಯ ಊರುಗಳಿಂದ, ತಾಂಡಾಗಳಿಂದ ಗುಳೆ ಹೊರಡುತ್ತಾರಲ್ಲ, ಗೋವಾದ ಕಟ್ಟಡಗಳಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಆ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಹಳೆಯ ಅಂಗಿ ತೊಡುತ್ತಾರೆ. ಕಬ್ಬಿನ ಗರಿ ತೋಳು ಕೊಯ್ಯುವುದಿಲ್ಲ, ಸಿಮೆಂಟು ಕುಬಸಕ್ಕೆ ಇಳಿಯುವುದಿಲ್ಲ, ಬಗ್ಗಿದಾಗ ಸೆರಗು ಜಾರಿದರೂ ಮೇಸ್ತ್ರಿಯ ಕಣ್ಣಿಗೆ ಏನೂ ಸಿಗುವುದಿಲ್ಲ, ಮೇಲಾಗಿ ಒಂದು ಜೇಬು. ಖರ್ಚು ಏನೂ ಇಲ್ಲ. ಲಂಬಾಣಿ ಅಜ್ಜಿಯರ ಕನ್ನಡಿ ಹೊಲಿದ ಕಾಂಚಳಿ, ಫೇಟಿಯಾಗಳನ್ನು ವಸ್ತುಸಂಗ್ರಹಾಲಯಗಳು ಜೋಪಾನ ಮಾಡುತ್ತವೆ, ಅದು ಸರಿಯೇ. ಎತ್ತಿನ ಮೇಲೆ ಹೇರು ಹೇರಿಕೊಂಡು ನಾಡು ತಿರುಗುತ್ತಿದ್ದವರ ಉಡುಪು ಅದು. ಅವರ ಮೊಮ್ಮಗಳ ಮಾಸಿದ ಅಂಗಿಯೂ ಅದೇ ಸಾಲಿನದು ಎಂದು ಯಾರಾದರೂ ಬರೆದಿಡಬೇಕು.

ಗಂಡಸರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹಿರಿಯರ ಧೋತರ, ಪಟಗಾ ಚೆಂದ. ಉಳಿದವರು ಚಡ್ಡಿ ಬನಿಯನ್ನಿನಲ್ಲಿ ನಡೆಯುತ್ತಾರೆ, ಹಳ್ಳ ಕಂಡಲ್ಲಿ ಇಳಿಯುತ್ತಾರೆ, ಅದೇ ಒದ್ದೆ ಚಡ್ಡಿಯಲ್ಲಿ ಶಿವನಾಮ ಹಾಡುತ್ತಾರೆ. ಶ್ರೀಶೈಲದಲ್ಲಿ ಸ್ಪರ್ಶ ದರ್ಶನಕ್ಕೆ ನಿಂತಾಗ ಮಾತ್ರ ಅವರಿಗೂ ಉಡುಪಿನ ಕಟ್ಟಳೆ ನೆನಪಾಗುತ್ತದೆ. ದಾರಿಯುದ್ದಕ್ಕೂ ಊರ ಮಾನ ಹೊತ್ತವರು ಹೆಂಗಸರು.

ಇದೇ ದಾರಿಯ ಕೊನೆಯಲ್ಲಿ, ಶ್ರೀಶೈಲದ ಕಾಡಿನಲ್ಲಿ ಕದಳಿಯಿದೆ, ಅಲ್ಲಿ ಗವಿಯೊಳಗೆ ವಚನಕಾರ್ತಿ ಅಕ್ಕಮಹಾದೇವಿ ಇದ್ದಾಳೆ. ಉಟ್ಟದ್ದನ್ನೇ ಕಳಚಿ, ಕೂದಲನ್ನೇ ಹೊದ್ದು ನಾಡು ದಾಟಿ ಹೋದವಳು ಎಂದು ಪರಂಪರೆ ಹೇಳುತ್ತದೆ. ಅನುಭವ ಮಂಟಪದಲ್ಲಿ ಅಲ್ಲಮ ಅದನ್ನೇ ಕೆದಕಿ ಕೇಳಿದನಂತೆ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯಿಂದ ಹೊರಟ ಹೆಂಗಸರು ಜಾರುವ ಸೆರಗನ್ನು ಮತ್ತೆ ಮತ್ತೆ ತಲೆ ಮೇಲೆ ಎಳೆದುಕೊಳ್ಳುತ್ತ ಅವಳ ಗವಿಗೆ ನಮಸ್ಕರಿಸುತ್ತಾರೆ. ಇದನ್ನು ವಿರೋಧಾಭಾಸ ಎಂದು ಬೊಬ್ಬಿಡುವುದು ಸುಲಭ. ಅಕ್ಕ ಸಂಸಾರಕ್ಕೆ ಬೆನ್ನು ಮಾಡಿ ಹೊರಟಿದ್ದಳು. ಇವರು ತಿರುಗಿ ಊರಿಗೆ ಹೋಗಿ ರೊಟ್ಟಿ ಬಡಿಯಬೇಕು. ಆದರೂ ಸಭ್ಯ ಉಡುಪು ಎಂಬುದನ್ನು ಬಟ್ಟೆಯ ಅಳತೆಯಿಂದ ನಿರ್ಧರಿಸುವವರಿಗೆ ಆ ಗವಿ ಸುಲಭಕ್ಕೆ ಅರಗುವ ಜಾಗವಲ್ಲ.

ನನ್ನ ಮೆಚ್ಚುಗೆಗೆ ನಾನೇ ಹಾಕುವ ತಕರಾರು ಒಂದಿದೆ. ಒದ್ದೆ ಸೀರೆಯೊಳಗೇ ಒಣಸೀರೆ ಸುತ್ತಿಕೊಂಡು, ಬಯಲಿನಲ್ಲಿ ನಿಂತೇ ಬಟ್ಟೆ ಬದಲಿಸುವ ಕೈಚಳಕ ಈ ಹೆಂಗಸರಿಗೆ ಸಿದ್ಧಿಸಿದೆ. ಒಬ್ಬಳು ಬದಲಿಸುವಾಗ ಇಬ್ಬರು ಸೋಲಾಪುರಿ ಚಾದರ ಹಿಡಿದು ನಿಲ್ಲುತ್ತಾರೆ. ಸೀರೆಯ ಮರೆ ಇದೆಯಲ್ಲ ಎಂದು ನಸುಕಿನಲ್ಲೇ ಬಯಲಿಗೆ ಹೋಗಿ ಬರುತ್ತಾರೆ. ಇದನ್ನೆಲ್ಲ ಸೀರೆಯ ಸೊಬಗು ಎಂದು ಹಾಡುವ ಮುನ್ನ ಯೋಚಿಸಬೇಕು: ಬಟ್ಟೆ ಇಲ್ಲಿ ಗೋಡೆಯ ಕೆಲಸ ಮಾಡುತ್ತಿದೆ, ಬಾಗಿಲಿನ ಕೆಲಸ ಮಾಡುತ್ತಿದೆ. ದಾರಿಯುದ್ದಕ್ಕೂ ಪೆಂಡಾಲು ಹಾಕಿ ಮಜ್ಜಿಗೆ, ಅಂಬಲಿ, ಕಾಲಿಗೆ ಎಣ್ಣೆ ಕೊಡುವ ಪುಣ್ಯವಂತರು ಪ್ರತಿ ಬಿಡಾರದ ಹಿಂದೆ ನಾಲ್ಕು ತಗಡು ನಿಲ್ಲಿಸಿ ಒಂದು ಬಚ್ಚಲು, ಒಂದು ಪಾಯಖಾನೆ ಮಾಡಿಸಿದರೆ, ಮುಂದಿನ ವರ್ಷ ಯಾವ ಉಡುಪಿನಲ್ಲಿ ನಡೆಯಬೇಕೆಂದು ಆ ಹೆಂಗಸರೇ ತೀರ್ಮಾನಿಸಿಕೊಳ್ಳುತ್ತಾರೆ.