ಗೇಟ್‌ವೇಗೆ ಬೇಕು ಯಾರೂ ಕೂರದ ಕಂಪ್ಯೂಟರ್

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ತಯಾರಿಕೆ, ಭಿವಂಡಿಯಲ್ಲಿ ಗೋದಾಮು, ಥಾಣೆಯ ವಾಗಳೆ ಎಸ್ಟೇಟಿನಲ್ಲೋ ನವಿಮುಂಬಯಿಯ ಮಹಾಪೆಯಲ್ಲೋ ಮುಖ್ಯ ಕಚೇರಿ. ನಮ್ಮ ಕಡೆಯ ಮಧ್ಯಮ ಗಾತ್ರದ ಎಷ್ಟೋ ಸಂಸ್ಥೆಗಳು ಹೀಗೇ ಹರಡಿಕೊಂಡಿವೆ. ಮಾಲೀಕರು ಬೆಳಿಗ್ಗೆ ಮೊಬೈಲ್ ತೆರೆದರೆ ನಿನ್ನೆಯ ಮಾರಾಟ, ಗೋದಾಮಿನ ದಾಸ್ತಾನು, ಬರಬೇಕಾದ ಬಾಕಿ ಎಲ್ಲವೂ ಒಂದೇ ಪುಟದಲ್ಲಿ ಕಾಣಬೇಕು. ಮೈಕ್ರೋಸಾಫ್ಟಿನ ವರದಿ ತಂತ್ರಾಂಶ ಪವರ್ ಬಿಐ ಅದನ್ನು ಚೆನ್ನಾಗಿಯೇ ಕಾಣಿಸುತ್ತದೆ. ಆದರೆ ವರದಿ ಇರುವುದು ಮೈಕ್ರೋಸಾಫ್ಟಿನ ಕ್ಲೌಡಿನಲ್ಲಿ. ಬಿಲ್ಲು, ಲೆಡ್ಜರು, ಸ್ಟಾಕು ಇರುವುದು ಗಾಲಾದ, ಅಂದರೆ ಕಾರ್ಖಾನೆ ಘಟಕದ, ಒಳಗಿನ ಕಂಪ್ಯೂಟರಿನಲ್ಲಿ. ಇವೆರಡರ ನಡುವೆ ನಿಂತು ಅಂಕಿಗಳನ್ನು ಸಾಗಿಸುವ ತಂತ್ರಾಂಶವೇ ಡೇಟಾ ಗೇಟ್‌ವೇ. ಸ್ಥಾಪಿಸಲು ಹೆಚ್ಚು ಹೊತ್ತು ಬೇಡ. ಅಷ್ಟು ಸುಲಭ ಆಗಿರುವುದರಿಂದಲೇ ಎಲ್ಲಿ ಸ್ಥಾಪಿಸಬೇಕು ಎಂದು ಯಾರೂ ಕೂತು ಯೋಚಿಸುವುದಿಲ್ಲ. ವರದಿ ಮಾಡಿದವರ ಕೈಗೆ ಸಿಕ್ಕ ಯಂತ್ರದಲ್ಲಿ ಹಾಕಿಬಿಡುವುದು ಇಲ್ಲಿನ ರೂಢಿ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಗೇಟ್‌ವೇಯ ಗುಣವನ್ನು ಹೇಳಬೇಕು, ಏಕೆಂದರೆ ಅದರ ವಿನ್ಯಾಸ ನಿಜಕ್ಕೂ ಮೆಚ್ಚುವಂಥದ್ದು. ಅದು ಹೊರಗಿನಿಂದ ಬರುವ ಯಾವ ಸಂಪರ್ಕವನ್ನೂ ಕೇಳುವುದಿಲ್ಲ. ಒಳಗಿನಿಂದ ತಾನೇ ಹೊರಟು ಕ್ಲೌಡನ್ನು ಮುಟ್ಟಿ, ಕೆಲಸ ಬಂದಿದೆಯೇ ಎಂದು ಕಾಯುತ್ತದೆ. ಹಾಗಾಗಿ ಫೈರ್‌ವಾಲ್‌ನಲ್ಲಿ ಒಳದಾರಿ ತೆರೆಯಬೇಕಿಲ್ಲ, ಸ್ಥಿರ ಐಪಿ ವಿಳಾಸ ಕೊಳ್ಳಬೇಕಿಲ್ಲ. ಕೇಬಲ್‌ನವರ ಬ್ರಾಡ್‌ಬ್ಯಾಂಡ್ ಮೇಲೆ ನಡೆಯುವ ಸಣ್ಣ ಕಾರ್ಖಾನೆಗೆ ಇದು ದೊಡ್ಡ ಅನುಕೂಲ. ಡೇಟಾಬೇಸಿನ ಪಾಸ್‌ವರ್ಡ್ ಕ್ಲೌಡಿನಲ್ಲಿ ಗೂಢಲಿಪಿಯಾಗಿ ಇರುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಗೇಟ್‌ವೇ ಕೂತ ಯಂತ್ರದಲ್ಲಿ ಮಾತ್ರ.

ಜನ ಅದನ್ನು ಬರೀ ತಂತಿ ಎಂದುಕೊಳ್ಳುತ್ತಾರೆ. ಅಲ್ಲೇ ಎಡವಟ್ಟು ಶುರುವಾಗುತ್ತದೆ. ಗೇಟ್‌ವೇ ದುಡಿಯುವ ಯಂತ್ರ. ಡೇಟಾವನ್ನು ಕ್ಲೌಡಿಗೆ ಪ್ರತಿ ಮಾಡಿಕೊಳ್ಳುವ ಇಂಪೋರ್ಟ್ ಪದ್ಧತಿಯಲ್ಲಿ ಸಾಲುಗಳನ್ನು ತರುವುದು, ಎರಡು ಪಟ್ಟಿಗಳನ್ನು ಜೋಡಿಸುವುದು, ಬೇಡದ್ದನ್ನು ಸೋಸುವುದು, ಕುಗ್ಗಿಸಿ ಕಳಿಸುವುದು ಎಲ್ಲವೂ ಆ ಯಂತ್ರದ ಮೇಲೆಯೇ ನಡೆಯುತ್ತದೆ. ಮೂಲ ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಸೋಸುವ ಕೆಲಸದ ಬಹುಪಾಲನ್ನು ಡೇಟಾಬೇಸಿಗೇ ವಹಿಸಬಹುದು. ಮೂಲ ಎಕ್ಸೆಲ್ ಫೈಲುಗಳ ಗುಂಪಾಗಿದ್ದರೆ ಪ್ರತಿ ಸಾಲೂ ಗೇಟ್‌ವೇ ಕೈಗೇ ಬರುತ್ತದೆ. ಮೈಕ್ರೋಸಾಫ್ಟ್ 8 ಕೋರ್‌ಗಳ ಪ್ರೊಸೆಸರ್, 8 ಜಿಬಿ ಮೆಮೊರಿ, ಎಸ್‌ಎಸ್‌ಡಿ ಡಿಸ್ಕು ಶಿಫಾರಸು ಮಾಡುವುದು ಇದಕ್ಕಾಗಿಯೇ.

ಈಗ ರೂಢಿಗೆ ಬರೋಣ. ಅತಿ ಕೆಟ್ಟ ಆಯ್ಕೆ ವರದಿ ಮಾಡಿದವರ ಲ್ಯಾಪ್‌ಟಾಪ್. ಇದಕ್ಕೆಂದೇ ಎಂಬಂತೆ ಗೇಟ್‌ವೇಯಲ್ಲಿ ವೈಯಕ್ತಿಕ ಮಾದರಿಯೊಂದಿದೆ. ಅದು ಒಬ್ಬರ ಖಾತೆಗಷ್ಟೇ, ಪವರ್ ಬಿಐಗಷ್ಟೇ ದುಡಿಯುತ್ತದೆ. ಕಲಿಯುವವರಿಗೆ ಒಳ್ಳೆಯದು, ಸಂಸ್ಥೆಗೆ ಸಲ್ಲದು. ಬೆಳಿಗ್ಗೆ ಒಂಬತ್ತಕ್ಕೆ ರಿಫ್ರೆಶ್, ಅಂದರೆ ಅಂಕಿಗಳನ್ನು ಹೊಸದಾಗಿಸುವ ಕೆಲಸ, ಇಟ್ಟಿರುತ್ತಾರೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಕಲ್ಯಾಣ್ ಲೋಕಲ್‌ನಲ್ಲಿ ಯಾರದೋ ಚೀಲದೊಳಗೆ ಮಲಗಿರುತ್ತದೆ. ಸತತ ನಾಲ್ಕು ಬಾರಿ ವಿಫಲವಾದರೆ ಪವರ್ ಬಿಐ ವೇಳಾಪಟ್ಟಿಯನ್ನೇ ನಿಲ್ಲಿಸಿಬಿಡುತ್ತದೆ. ವರದಿ ಮಾತ್ರ ಮಾಯವಾಗುವುದಿಲ್ಲ. ಹಳೆಯ ಅಂಕಿಗಳನ್ನು ಹೊಸದರಷ್ಟೇ ಅಂದವಾಗಿ ತೋರಿಸುತ್ತಲೇ ಇರುತ್ತದೆ. ವೈಫಲ್ಯದ ಮೇಲ್ ಹೋಗುವುದು ವರದಿಯ ಒಡೆಯರೆಂದು ದಾಖಲಾದವರಿಗೆ. ವರದಿಯನ್ನು ನೋಡಿ ಸರಕು ತರಿಸುವವರಿಗೆ ಸುದ್ದಿಯೇ ಇಲ್ಲ. ನಾಲ್ಕು ದಿನ ಹಳೆಯ ದಾಸ್ತಾನನ್ನು ಇಂದಿನದೆಂದು ನಂಬಿ ಆರ್ಡರ್ ಕೊಡುವುದಕ್ಕಿಂತ ವರದಿಯೇ ಇಲ್ಲದಿರುವುದು ಮೇಲು.

ಎರಡನೆಯ ಆಯ್ಕೆ ಅಕೌಂಟೆಂಟರ ಕಂಪ್ಯೂಟರ್. ಇದನ್ನು ನಾನು ಅಷ್ಟು ಬಿರುಸಾಗಿ ತಳ್ಳಿಹಾಕಲಾರೆ. ಲೆಕ್ಕ ಇರುವುದು ಅಲ್ಲಿಯೇ ಅಲ್ಲವೇ? ಈ ಭಾಗದ ಲೆಕ್ಕಪತ್ರದ ಬಹುಭಾಗ ನಡೆಯುವುದು ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ. ಟ್ಯಾಲಿ ತನ್ನ ಡೇಟಾವನ್ನು ಓಡಿಬಿಸಿ ಎಂಬ ಸಂಪರ್ಕ ಪದ್ಧತಿಯ ಮೂಲಕ, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ, ಹೊರಗೆ ಕೊಡುತ್ತದೆ. ಷರತ್ತು ಇಷ್ಟೇ: ಟ್ಯಾಲಿ ತೆರೆದಿರಬೇಕು, ಬೇಕಾದ ಕಂಪನಿ ಲೋಡ್ ಆಗಿರಬೇಕು. ಸಂಜೆ ಏಳಕ್ಕೆ ಅಕೌಂಟೆಂಟ್ ಕಂಪ್ಯೂಟರ್ ಮುಚ್ಚಿ ಮನೆಗೆ ಹೊರಟರೆ ರಾತ್ರಿಯ ರಿಫ್ರೆಶ್ ಮುಗಿದಂತೆ. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಕಿನ ಹೊತ್ತಿಗೆ ಅವರ ಯಂತ್ರ ಮೊದಲೇ ಏದುಸಿರು ಬಿಡುತ್ತಿರುತ್ತದೆ. ಅದರ ಮೇಲೆ ಗೇಟ್‌ವೇ ಮೆಮೊರಿ ಕಬಳಿಸಿದರೆ ಅವರು ಅದನ್ನು ನಿಲ್ಲಿಸುವುದು ಸಹಜ, ನ್ಯಾಯ ಕೂಡ. ಡೇಟಾಗೆ ಹತ್ತಿರ ಎಂಬ ದೃಷ್ಟಿಯಿಂದ ಸರಿಯಾದ ಜಾಗ, ಉಳಿದೆಲ್ಲ ದೃಷ್ಟಿಯಿಂದ ತಪ್ಪು ಜಾಗ.

ಪರಿಹಾರ ಇದೆ, ಖರ್ಚೂ ಇದೆ. ಅದೇ ನೆಟ್‌ವರ್ಕಿನಲ್ಲಿ ಇನ್ನೊಂದು ಯಂತ್ರ ಇಟ್ಟು, ಅದರಲ್ಲಿ ಟ್ಯಾಲಿಯನ್ನು ಸದಾ ತೆರೆದಿಡಬೇಕು. ಅದಕ್ಕೆ ಒಬ್ಬರೇ ಬಳಸುವ ಸಿಲ್ವರ್ ಲೈಸೆನ್ಸ್ ಸಾಲದು, ಗೋಲ್ಡ್ ಬೇಕು. ಗೇಟ್‌ವೇ ವಿಂಡೋಸ್ ಸರ್ವಿಸ್ ಆಗಿ ಓಡುವುದರಿಂದ ಲಾಗಿನ್ ಆದವರ ವೈಯಕ್ತಿಕ ಸಿದ್ಧತೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಓಡಿಬಿಸಿಯ ಸಂಪರ್ಕ ವಿವರವಾದ ಡಿಎಸ್‌ಎನ್ ಬಳಕೆದಾರರ ಹೆಸರಿನಲ್ಲಿರದೆ ಸಿಸ್ಟಮ್ ಮಟ್ಟದಲ್ಲಿ, 64 ಬಿಟ್‌ನಲ್ಲಿ ಇರಬೇಕು. ಎಕ್ಸೆಲ್ ಫೈಲಿಗೆ ಝೆಡ್‌ನಂಥ ನೆಟ್‌ವರ್ಕ್ ಡ್ರೈವಿನ ದಾರಿ ಕೊಟ್ಟರೆ ಗೇಟ್‌ವೇಗೆ ಸಿಗುವುದಿಲ್ಲ. ಸರ್ವರಿನ ಹೆಸರಿನಿಂದ ಶುರುವಾಗುವ ಪೂರ್ಣ ದಾರಿ ಬೇಕು. ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಗೇಟ್‌ವೇಯಲ್ಲಿ ಓಡುವುದಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಸ್ವಲ್ಪ ದೊಡ್ಡ ಕಚೇರಿಯಾದರೆ ಇರುವ ಒಂದೇ ಸರ್ವರಿಗೆ ಎಲ್ಲ ಹೊರೆ ಹೊರಿಸುತ್ತಾರೆ. ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್ ಮೇಲೆ ಗೇಟ್‌ವೇ ಹಾಕಬೇಡಿ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ; ಅದನ್ನು ಪಾಲಿಸಲೇಬೇಕು. ಡೇಟಾಬೇಸ್ ಇರುವ ಸರ್ವರಿನಲ್ಲೇ ಹಾಕುವುದು ಸಣ್ಣ ಪ್ರಮಾಣದಲ್ಲಿ ನಡೆದೀತು, ಆದರೆ ರಿಫ್ರೆಶ್ ಹೊತ್ತಿನಲ್ಲಿ ಬಿಲ್ಲಿಂಗ್ ಕುಂಟುತ್ತದೆ.

ಇನ್ನು ನವಿಮುಂಬಯಿಯ ಆಕರ್ಷಣೆ. ಐರೋಳಿ, ರಬಾಳೆ, ಮಹಾಪೆಯ ಕೈಗಾರಿಕಾ ಪಟ್ಟಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ನಡುನಡುವೆ ಡೇಟಾ ಸೆಂಟರುಗಳು ಎದ್ದಿವೆ. ಪನ್ವೇಲ್‌ನಲ್ಲಿ ಯೋಟ್ಟಾ ಎಂಬ ಡೇಟಾ ಸೆಂಟರ್ ಕಂಪನಿಯ ಮೊದಲ ಕಟ್ಟಡ 2020ರಲ್ಲಿ ಆರಂಭವಾಯಿತು. ಗೇಟ್‌ವೇಯನ್ನು ಇಂಥದೊಂದು ಸೆಂಟರಿನ ಬಾಡಿಗೆ ಸರ್ವರಿನಲ್ಲಿ ಇಡಿ, ಕರೆಂಟ್ ಹೋಗುವುದಿಲ್ಲ, ಲೈನ್ ಕಡಿಯುವುದಿಲ್ಲ ಎಂಬ ಸಲಹೆ ಬರುತ್ತದೆ. ಕೇಳಲು ಗಟ್ಟಿಯಾದ ವಾದ. ಆದರೆ ಡೇಟಾ ಡೊಂಬಿವಲಿಯ ಗಾಲಾದಲ್ಲೇ ಉಳಿದಿದ್ದರೆ ಈ ವಾದ ನಿಲ್ಲುವುದಿಲ್ಲ.

ಲೆಕ್ಕ ನೋಡಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿಳಫಾಟಾ ದಾರಿಯ ಇಪ್ಪತ್ತು ಕಿಲೋಮೀಟರಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಮೈಕ್ರೋಸಾಫ್ಟಿನ ಮಧ್ಯ ಭಾರತ ಕೇಂದ್ರವಿರುವ ಪುಣೆಯೂ ಬೆಳಕಿಗೆ ಪಕ್ಕದ ಮನೆ. ಕಿಲೋಮೀಟರ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಎಷ್ಟು ಡೇಟಾ ಯಾವ ಕಿರಿದಾದ ಲೈನಿನ ಮೂಲಕ ಹೋಗಬೇಕು ಎಂಬುದೇ ಪ್ರಶ್ನೆ. ಮೂಲದಿಂದ 1 ಜಿಬಿಯಷ್ಟು ಸಾಲುಗಳು ಬರಬೇಕಿವೆ, ಗಾಲಾದ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. ಗೇಟ್‌ವೇ ಮಹಾಪೆಯಲ್ಲಿದ್ದರೆ ಆ ಸಾಲುಗಳು ಸೋಸದೆ, ಕುಗ್ಗದೆ ವಿಪಿಎನ್ ಎಂಬ ಖಾಸಗಿ ಸಂಪರ್ಕದ ಮೇಲೆ ಹೋಗಲು ಎಲ್ಲವೂ ಸುಗಮವಾಗಿದ್ದರೂ ಏಳು ನಿಮಿಷದ ಹತ್ತಿರ ಬೇಕು. ಪವರ್ ಬಿಐ ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ ಎಂಟು ರಿಫ್ರೆಶ್ ಇಡಬಹುದು. ಎಂಟು ಬಾರಿಯೂ ಕಚೇರಿಯ ಲೈನ್ ತುಂಬಿಕೊಳ್ಳುತ್ತದೆ. ನಡುವೆ ವಿಪಿಎನ್ ಒಮ್ಮೆ ಬಿದ್ದರೆ ಮತ್ತೆ ಮೊದಲಿಂದ. ಗೇಟ್‌ವೇ ಗಾಲಾದಲ್ಲೇ ಇದ್ದರೆ ಈ ಸಾಲುಗಳೆಲ್ಲ ಒಳಗಿನ ಕೇಬಲ್ ಮೇಲೆ ಓಡಿ, ಸೋಸಿದ್ದಷ್ಟೇ ಕುಗ್ಗಿ ಹೊರಗೆ ಹೋಗುತ್ತದೆ. ನಮ್ಮ ಸೊಸೈಟಿಗಳಲ್ಲಿ ಪಂಪನ್ನು ಟೆರೇಸಿನ ಟ್ಯಾಂಕಿನ ಬಳಿ ಇಡದೆ ಕೆಳಗಿನ ಸಂಪಿನ ಪಕ್ಕದಲ್ಲಿ ಇಡುತ್ತೇವೆ. ಅದೇ ನ್ಯಾಯ ಇಲ್ಲಿಗೂ. ಸಂಸ್ಥೆಯ ವ್ಯವಹಾರ ತಂತ್ರಾಂಶವಾದ ಇಆರ್‌ಪಿಯೇ ಮಹಾಪೆಯ ಡೇಟಾ ಸೆಂಟರಿನಲ್ಲಿದ್ದರೆ ಮಾತು ಬೇರೆ: ಆಗ ಗೇಟ್‌ವೇಯೂ ಅಲ್ಲಿಯೇ, ಅದರ ಪಕ್ಕದಲ್ಲೇ ಇರಬೇಕು.

ದೂರ ನಿಜವಾಗಿ ಕಾಡುವ ಸಂದರ್ಭ ಒಂದಿದೆ. ಸಂಸ್ಥೆಯ ಖಾತೆಯನ್ನು ಮೊದಲು ತೆರೆದವರು ಯಾವ ದೇಶ ಆರಿಸಿದ್ದರೋ ಅದರ ಮೇಲೆ ಪವರ್ ಬಿಐ ಡೇಟಾ ಎಲ್ಲಿ ನೆಲೆಸುತ್ತದೆ ಎಂಬುದು ತೀರ್ಮಾನವಾಗುತ್ತದೆ. ವಿದೇಶಿ ಪಾಲುದಾರರು ಖಾತೆ ತೆರೆದಿದ್ದರೆ ಡೊಂಬಿವಲಿಯ ಅಂಕಿ ಸಾಗರ ದಾಟಿ ಹೋಗಿ ಬರುತ್ತಿರಬಹುದು. ಡೇಟಾ ಎಲ್ಲಿದೆ ಎಂಬುದು ಪವರ್ ಬಿಐನ ಸಹಾಯ ಪಟ್ಟಿಯಲ್ಲಿ ಬರೆದೇ ಇರುತ್ತದೆ, ನೋಡಿಕೊಳ್ಳಿ.

ಹೋಟೆಲಿನವರ ವಿಷಯ ಪ್ರತ್ಯೇಕ. ಥಾಣೆ, ಡೊಂಬಿವಲಿ, ವಾಶಿಯಲ್ಲಿ ಶಾಖೆಗಳಿರುವ ನಮ್ಮ ಉಡುಪಿ ಹೋಟೆಲುಗಳಲ್ಲಿ ಪ್ರತಿ ಗಲ್ಲೆಯ ಬಿಲ್ಲಿಂಗ್ ಯಂತ್ರಕ್ಕೂ ಒಂದೊಂದು ಗೇಟ್‌ವೇ ಹಾಕುವುದು ಕೆಟ್ಟ ಯೋಚನೆ. ಅಡುಗೆಮನೆಯ ಬಿಸಿಗೆ, ಜಿಡ್ಡಿಗೆ ಬೆಂದ ಯಂತ್ರಗಳಿಂದ ಅಂಥ ವಿಶ್ವಾಸಾರ್ಹತೆ ನಿರೀಕ್ಷಿಸಬಾರದು. ಬಿಲ್ಲಿಂಗ್ ತಂತ್ರಾಂಶದ ಮಾರಾಟಗಾರರು ಕ್ಲೌಡ್ ಪ್ರತಿ ಕೊಡುವುದಾದರೆ ವರದಿಯನ್ನು ನೇರವಾಗಿ ಅದಕ್ಕೇ ಜೋಡಿಸಿ. ಅಂತರ್ಜಾಲದಲ್ಲಿ ನೇರ ಸಿಗುವ ಕ್ಲೌಡ್ ಮೂಲಕ್ಕೆ ಗೇಟ್‌ವೇಯೇ ಬೇಡ.

ಇಲ್ಲಿಯ ಮಳೆ ಮತ್ತು ಕರೆಂಟು ಈ ಆಯ್ಕೆಯೊಳಗೆ ಬರಲೇಬೇಕು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ, ಥಾಣೆ, ನವಿಮುಂಬಯಿ ಒಟ್ಟಿಗೆ ಕತ್ತಲಾದದ್ದು ನೆನಪಿದೆಯಲ್ಲ. ಯುಪಿಎಸ್ ಇದೆ ಎನ್ನುವ ಕಚೇರಿಗಳಲ್ಲೂ ಎಷ್ಟೋ ಕಡೆ ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ಬ್ರಾಡ್‌ಬ್ಯಾಂಡ್ ರೂಟರ್ ಸಾದಾ ಸಾಕೆಟ್ಟಿನಲ್ಲಿರುತ್ತದೆ. ಗೇಟ್‌ವೇ ಬದುಕಿದ್ದೂ ಮೂಕ. ಕರೆಂಟ್ ಮರಳಿದಾಗ ಯಂತ್ರ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಒಂದು ಆಯ್ಕೆ ಇದೆ. ಲೋಕಲ್ ನಿಂತು ಯಾರೂ ಕಚೇರಿ ಮುಟ್ಟಲಾಗದ ಜುಲೈ ದಿನಗಳಲ್ಲಿ ಆ ಒಂದು ಆಯ್ಕೆಯಿಂದ ವರದಿ ಉಳಿಯುತ್ತದೆ. ನೆಲಮಾಳಿಗೆಯಲ್ಲಿ, ಮೇಜಿನ ಕೆಳಗೆ ನೆಲಕ್ಕೆ ತಾಗಿಸಿ ಇಡುವುದಂತೂ ಬೇಡವೇ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಕಲ್ಯಾಣ್‌ನ ತಗ್ಗು ಪ್ರದೇಶಗಳಿಗೆ ಏನಾಯಿತೆಂದು ಹಳಬರನ್ನು ಕೇಳಿ.

ಗೇಟ್‌ವೇಗಳನ್ನು ಕ್ಲಸ್ಟರ್ ಮಾಡಬಹುದು, ಒಂದು ಬಿದ್ದರೆ ಇನ್ನೊಂದು ಹೊರುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಒಂದೇ ಯುಪಿಎಸ್‌ಗೆ ಜೋಡಿಸಿದರೆ ಅದರಿಂದ ಬರುವ ಭದ್ರತೆ ಅರ್ಧ ಮಾತ್ರ.

ಮೈಕ್ರೋಸಾಫ್ಟಿನ ಕೈಪಿಡಿಯ ಬಗ್ಗೆಯೂ ಒಂದು ಮಾತು. ಸದಾ ಚಾಲೂ ಇರುವ ಯಂತ್ರ, ವೈಫೈ ಬದಲು ಕೇಬಲ್, ಮೂಲಕ್ಕೆ ಹತ್ತಿರ: ಅದರ ಸೂತ್ರಗಳೆಲ್ಲ ಸರಿ. ಆದರೆ ಅದು ಸರ್ವರ್ ಕೋಣೆ, ಐಟಿ ವಿಭಾಗ ಇರುವ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಇಬ್ಬರು ಅಕೌಂಟೆಂಟರು, ತಿಂಗಳಿಗೊಮ್ಮೆ ಬರುವ ಹಾರ್ಡ್‌ವೇರ್ ಹುಡುಗ, ಹೊರಗಿನ ಒಬ್ಬ ಸಲಹೆಗಾರ ಇರುವ ಕಾರ್ಖಾನೆಯ ಮಟ್ಟಿಗೆ ಅದು ಮುಖ್ಯ ಪ್ರಶ್ನೆಯನ್ನು ಕೆಳಗಿಳಿಸಿಬಿಡುತ್ತದೆ. ಆ ಪ್ರಶ್ನೆ, ಯಂತ್ರ ಯಾರ ಸುಪರ್ದಿಯಲ್ಲಿದೆ ಎಂಬುದು. ಸಲಹೆಗಾರ ತನ್ನ ಖಾತೆಯಲ್ಲಿ ಗೇಟ್‌ವೇ ನೋಂದಾಯಿಸಿ, ರಿಕವರಿ ಕೀಯನ್ನು ತನ್ನ ಡೈರಿಯಲ್ಲಿ ಬರೆದುಕೊಂಡು ಹೋದರೆ, ಯಂತ್ರ ಕೆಟ್ಟ ದಿನ ಸಂಸ್ಥೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಕೀ ಇದ್ದರೆ ಹೊಸ ಯಂತ್ರದಲ್ಲಿ ಅದೇ ಗೇಟ್‌ವೇಯನ್ನು ಎಬ್ಬಿಸಬಹುದು. ಇಲ್ಲದಿದ್ದರೆ ಹೊಸದನ್ನು ಹಾಕಿ ಎಲ್ಲ ಮೂಲಗಳನ್ನೂ ಪಾಸ್‌ವರ್ಡ್ ಸಮೇತ ಮತ್ತೆ ಜೋಡಿಸಬೇಕು. ಗೇಟ್‌ವೇಗೆ ಪ್ರತಿ ತಿಂಗಳು ಹೊಸ ಆವೃತ್ತಿ ಬರುತ್ತದೆ, ಕೊನೆಯ ಆರಕ್ಕೆ ಮಾತ್ರ ಮೈಕ್ರೋಸಾಫ್ಟಿನ ಬೆಂಬಲ ಇರುತ್ತದೆ. ಆರು ತಿಂಗಳು ಯಾರೂ ಮುಟ್ಟದ ಯಂತ್ರ ಬೆಂಬಲದ ಹೊರಗೆ ಬಿದ್ದಂತೆಯೇ. ಇನ್ನೊಂದು ಎಚ್ಚರ: 2016 ಮತ್ತು 2024ರ ಮೇ ತಿಂಗಳಲ್ಲಿ ಡೊಂಬಿವಲಿ ಎಂಐಡಿಸಿಯಲ್ಲಿ ಆದ ಸ್ಫೋಟಗಳು ಸುತ್ತಲಿನ ಕಟ್ಟಡಗಳ ಗಾಜನ್ನೂ ಉಳಿಸಲಿಲ್ಲ. ಹಾಗಾಗಿ ರಿಕವರಿ ಕೀಯನ್ನು ಯಂತ್ರವಿರುವ ಕಟ್ಟಡದ ಕಪಾಟಿನಲ್ಲೇ ಇಡಬಾರದು.

ಹಾಗಾದರೆ ನನ್ನ ತೀರ್ಪು: ಡೇಟಾ ಇರುವ ನೆಟ್‌ವರ್ಕಿನಲ್ಲೇ, ಕೇಬಲ್‌ಗೆ ಜೋಡಿಸಿದ, ಯಾರೂ ಕೂತು ಕೆಲಸ ಮಾಡದ, ರೂಟರ್ ಸಮೇತ ಯುಪಿಎಸ್ ಮೇಲಿರುವ ಒಂದು ಪ್ರತ್ಯೇಕ ಕಂಪ್ಯೂಟರ್; ಸಂಸ್ಥೆಯದೇ ಖಾತೆಯಲ್ಲಿ ಇಬ್ಬರು ನಿರ್ವಾಹಕರು. ಡೊಂಬಿವಲಿಯ ಕಾರ್ಖಾನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುತ್ತಿಲ್ಲ. ನಿಮ್ಮ ಸಂಸ್ಥೆಯಲ್ಲಿ ಇಂಥ ವರದಿ ಇದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಗೇಟ್‌ವೇ ಯಾವುದೆಂದು ಇಂದೇ ನೋಡಿ, ಅದು ಯಾವ ಯಂತ್ರದಲ್ಲಿದೆ, ಆ ಯಂತ್ರ ಯಾರ ಮೇಜಿನ ಮೇಲಿದೆ ಎಂದು ಕೇಳಿ.