ಟಾಕಿಗೆ ಮೀನು, ಗಟಾರಕ್ಕಲ್ಲ

ಮಳೆ ಹಿಡಿದು ಡೆಂಗಿ ಸುದ್ದಿ ಹಬ್ಬುತ್ತಿದ್ದಂತೆ ನಮ್ಮ ಊರುಗಳಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. ಚೀಲದಲ್ಲಿ ಗಪ್ಪಿ ಅಥವಾ ಗಾಂಬೂಸಿಯಾ ಮೀನು ತಂದು ಕೆರೆಗೋ ಗಟಾರಕ್ಕೋ ಬಾವಿಗೋ ಸುರಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಇದರ ಬೆನ್ನಿಗಿರುವುದು ಸರಕಾರಿ ಕೈಪಿಡಿಯ ಲೆಕ್ಕ: ಬೆಳೆದ ಗಾಂಬೂಸಿಯಾ ದಿನಕ್ಕೆ 100ರಿಂದ 300 ಸೊಳ್ಳೆಮರಿ ತಿನ್ನುತ್ತದೆ, ಗಪ್ಪಿ 80ರಿಂದ 100. ಲೆಕ್ಕ ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಮೀನು ಆರಿಸುವವರು ಹಿಡಿಯಬೇಕಾದ ಅಳತೆಗೋಲು ಅದಲ್ಲ. ಮೊದಲು ನೋಡಬೇಕಾದದ್ದು ನೀರು ಯಾವುದು, ಅದು ಎಲ್ಲಿಗೆ ಹರಿಯುತ್ತದೆ, ಅದನ್ನು ಖಾಲಿ ಮಾಡಲು ಬರುತ್ತದೆಯೇ ಎಂಬುದು. ಈ ಮೂರನ್ನು ಕೇಳಿಕೊಂಡರೆ ಈಗ ಮೀನು ಬಿಡುವ ಜಾಗಗಳಲ್ಲಿ ಬಹುಪಾಲು ತಪ್ಪು ಜಾಗಗಳೇ.

ಅಣ್ಣಿಗೇರಿ, ನವಲಗುಂದ ಸೀಮೆಯಲ್ಲಿ ನೀರನ್ನು ಕೂಡಿಡದೆ ಸಂಸಾರ ಸಾಗುವುದಿಲ್ಲ. ಎರೆಭೂಮಿಯ ಅಡಿಯ ನೀರು ಬಹಳ ಕಡೆ ಸವಳು. ಕುಡಿಯಲು ಮಲಪ್ರಭೆಯ ಕಾಲುವೆ ನೀರನ್ನು ಕೆರೆಯಲ್ಲಿ ತುಂಬಿಸಿಕೊಂಡು ನಳಕ್ಕೆ ಬಿಡಬೇಕು. ನಳ ದಿನಾ ಬರುವುದಿಲ್ಲವಾದ್ದರಿಂದ ಮನೆಮನೆಯಲ್ಲೂ ಸಿಮೆಂಟ್ ಟಾಕಿ, ಬ್ಯಾರಲ್, ಕೊಡ. ಹಿತ್ತಲಲ್ಲಿ ದನಕ್ಕೆ ದೋಣಿ. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಹಿಡಿಸುವುದು ಈ ತಿಳಿನೀರೇ. ಅದು ಮೊಟ್ಟೆ ಅಂಟಿಸುವುದು ನೀರಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ಬ್ಯಾರಲ್ಲಿನ ಒಳಮೈಗೆ ಬೆರಳಾಡಿಸಿದರೆ ಹತ್ತುವ ಲೋಳೆಪಟ್ಟೆಯ ಮಟ್ಟದಲ್ಲಿ, ಕಪ್ಪು ಚುಕ್ಕೆಯಂತೆ. ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನಳ ಬಂದು ನೀರು ಮೇಲೇರಿದಾಗ ಒಡೆಯುತ್ತದೆ. ವಾರ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಗೋಡೆಗೆ ಅಂಟಿದ್ದನ್ನು ಮೀನು ಮುಟ್ಟಲಾರದು. ಅದಕ್ಕೆ ತಿಕ್ಕುವ ಬ್ರಷ್ಷೇ ಬೇಕು. ಬ್ಯಾರಲ್, ಕೊಡ, ದೋಣಿಗಳ ಮಟ್ಟಿಗೆ ಮಾತು ಇಲ್ಲಿಗೇ ಮುಗಿಯಿತು.

ಟಾಕಿಯ ವಿಚಾರ ಬೇರೆ. ನೆಲಕ್ಕೆ ಕಟ್ಟಿದ ದೊಡ್ಡ ಸಿಮೆಂಟ್ ಟಾಕಿಯನ್ನು ವಾರವಾರ ಬರಿದು ಮಾಡು ಎನ್ನುವುದು ನೀರಿನ ಬರ ಕಾಣದವರ ಉಪದೇಶ. ಅಲ್ಲಿ ಮೀನು ನಿಜವಾಗಿ ದುಡಿಯುತ್ತದೆ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕವನ್ನು ಹಾಸಿಗೆ ಹಿಡಿಸಿದ ಹಿನ್ನೆಲೆಯಲ್ಲಿ ರಾಜ್ಯದ ಹಳ್ಳಿಗಳ ಮನೆಯೊಳಗಿನ ಸಿಮೆಂಟ್ ಟಾಕಿಗಳಲ್ಲಿ ಈ ಎರಡೂ ಮೀನುಗಳನ್ನು ಬಿಟ್ಟು ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಈಡಿಸ್ ಮರಿಗಳು ಗಣನೀಯವಾಗಿ ಇಳಿದದ್ದು ಕಂಡಿತು. ಆದರೂ ಹಿಗ್ಗಿಗೆ ಮಿತಿ ಇರಲಿ. ಮಲೇರಿಯಾ ತಡೆಗೆ ಮೀನು ಬಳಸಿದ ಪ್ರಯೋಗಗಳನ್ನೆಲ್ಲ 2013ರಲ್ಲಿ ಜರಡಿ ಹಿಡಿದ ಕಾಕ್ರೇನ್ ಸಮೀಕ್ಷೆಗೆ, ಜನರಲ್ಲಿ ಜ್ವರ ಕಡಿಮೆಯಾಯಿತೇ ಎಂದು ಸರಿಯಾಗಿ ಅಳೆದ ಒಂದು ಅಧ್ಯಯನವೂ ಸಿಗಲಿಲ್ಲ. ಮರಿ ಕಡಿಮೆಯಾಗುವುದು ಒಂದು, ಜ್ವರ ಕಡಿಮೆಯಾಗುವುದು ಇನ್ನೊಂದು.

ಟಾಕಿಯಲ್ಲೂ ಒಂದು ತೊಡಕಿದೆ. ಮನೆಯಲ್ಲಿ ಕಡಲಿನ ಹವಳದ ಅಕ್ವೇರಿಯಂ ಇಡುವವರಿಗೆ ಇದು ಚೆನ್ನಾಗಿ ಗೊತ್ತು. ಮರಳು ಶುದ್ಧವಾಗಿರಲೆಂದು ಮರಳು ಜಾಲಾಡುವ ನಕ್ಷತ್ರಮೀನನ್ನು ತಂದು ಸಣ್ಣ ತೊಟ್ಟಿಗೆ ಬಿಡುತ್ತಾರೆ. ಅದು ಮರಳಿನೊಳಗಿನ ಸಣ್ಣ ಜೀವಿಗಳನ್ನೆಲ್ಲ ತಿಂದು ಮುಗಿಸಿ, ತಿಂಗಳುಗಳಲ್ಲಿ ಹಸಿವಿನಿಂದ ಸತ್ತು, ನೀರನ್ನೂ ಕೆಡಿಸುತ್ತದೆ. ಸಣ್ಣ ನೀರಿನಲ್ಲಿ ಶುಚಿ ಮಾಡುವ ಪ್ರಾಣಿಗೆ ಮೇವು ಬೇಗ ತೀರುತ್ತದೆ. ಗಪ್ಪಿಗೂ ಹಾಗೆಯೇ. ಮರಿ ಮುಗಿದ ಮೇಲೆ ಮೀನು ಸೊರಗುತ್ತದೆಂದು ಮಕ್ಕಳು ಚುರುಮುರಿ, ರೊಟ್ಟಿಚೂರು ಎಸೆಯುತ್ತಾರೆ. ಉಳಿದದ್ದು ಕೊಳೆತು ನೀರು ನಾರುತ್ತದೆ, ಹೊಟ್ಟೆ ತುಂಬಿದ ಮೀನು ಮರಿಗಳ ಕಡೆ ಅಷ್ಟಾಗಿ ತಿರುಗುವುದಿಲ್ಲ. ಆದ್ದರಿಂದ ಟಾಕಿಗೆ ನಾಲ್ಕಾರು ಗಪ್ಪಿ ಸಾಕು, ಮೇಲಿನಿಂದ ಏನೂ ಹಾಕಬಾರದು. ಬ್ಲೀಚಿಂಗ್ ಪುಡಿ ಹಾಕುವ ಟಾಕಿಗೆ ಮೀನು ಬೇಡ. ನಳದ ನೀರಿನ ಕ್ಲೋರಿನ್ನಿಗೂ ಮೀನು ಸಾಯುತ್ತದೆ, ಹಳೆಯ ನೀರು ಸ್ವಲ್ಪ ಉಳಿದಿರುವಾಗಲೇ ಹೊಸದನ್ನು ತುಂಬಬೇಕು.

ಗಟಾರಕ್ಕೆ ಬಿಡುವುದಂತೂ ಶುದ್ಧ ವ್ಯರ್ಥ, ಮೇಲೆ ಹಾನಿ. ಹೊಲಸು ನೀರಲ್ಲೂ ಮೇಲ್ಮೈಯ ಗಾಳಿ ಎಳೆದುಕೊಂಡು ಗಪ್ಪಿ ಬದುಕುತ್ತದೆ ಎಂಬುದೇ ಅದರ ಶಿಫಾರಸು. ಆದರೆ ಗಟಾರದಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್, ಡೆಂಗಿಯ ಸೊಳ್ಳೆಯಲ್ಲ. ಪ್ಲಾಸ್ಟಿಕ್ಕು, ಕಸದ ಸಂದಿಯ ಮರಿಗಳು ಮೀನಿಗೆ ಸಿಗುವುದೂ ಇಲ್ಲ. ಜೋರು ಮಳೆ ಬಂದರೆ ಗಟಾರದ ಮೀನು ಹಳ್ಳಕ್ಕೆ, ಹಳ್ಳದಿಂದ ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ. ಗಾಂಬೂಸಿಯಾ ಅಮೆರಿಕದ್ದು, 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು. ಗಪ್ಪಿ ದಕ್ಷಿಣ ಅಮೆರಿಕದ್ದು. ಎರಡೂ ಮರಿ ಹಾಕುವ ಮೀನು, ಸಂತತಿ ಬಹುಬೇಗ ಹೆಚ್ಚುತ್ತದೆ. ಗಾಂಬೂಸಿಯಾ ಕಪ್ಪೆಮರಿಯನ್ನೂ ಇತರ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸೊಳ್ಳೆಮರಿ ತಿನ್ನುವ ನಮ್ಮದೇ ಮೀನುಗಳೂ ಇವೆ: ತಲೆಯ ಮೇಲೆ ಬಿಳಿ ಚುಕ್ಕೆ ಹೊತ್ತು ನೀರಿನ ಮೇಲ್ಮೈಗೆ ಅಂಟಿದಂತೆ ಈಜುವ ಅಪ್ಲೊಕೈಲಸ್ ಅವುಗಳಲ್ಲೊಂದು. ಕೆರೆಗೆ ಮೀನು ಬಿಡಲೇಬೇಕೆಂದರೆ ಇಂಥದ್ದನ್ನು ಹುಡುಕಲಿ.

ನೂರು ವರ್ಷದಿಂದ ದೇಶವೆಲ್ಲ ಹರಡಿದ ಮೀನಿಗೆ ಇನ್ನೊಂದು ಬಕೆಟ್ ಸೇರಿದರೆ ಏನಾದೀತು ಎಂದು ಕೇಳುವವರಿದ್ದಾರೆ. ಹರಡಿದೆ ಎಂದರೆ ಪ್ರತಿ ಹಳ್ಳದ ಪ್ರತಿ ಮಡುವಿಗೂ ಸೇರಿದೆ ಎಂದಲ್ಲ; ಇನ್ನೂ ಸೇರದ ಮಡುವಿಗೆ ಅದನ್ನು ಒಯ್ಯುವುದು ಈ ಬಕೆಟ್ಟೇ. ಸೊಳ್ಳೆಮರಿ ಕೊಲ್ಲಲು ನೀರಿಗೆ ಹಾಕುವ ಟೆಮಿಫಾಸ್ ವಿಷಕ್ಕಿಂತ ಮೀನು ಮೇಲಲ್ಲವೇ ಎಂಬ ಪ್ರಶ್ನೆಯಲ್ಲಿ ತೂಕವಿದೆ, ಕುಡಿಯುವ ಟಾಕಿಯ ಮಟ್ಟಿಗೆ ಅದನ್ನು ಒಪ್ಪಬೇಕು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ನೀರೇ ಇಲ್ಲದ ಊರಲ್ಲಿ ಬ್ಯಾರಲ್ ಚೆಲ್ಲಿ ತಿಕ್ಕುವವರಾರು ಎಂಬುದು. ಚೆಲ್ಲಬೇಕಾಗಿಯೇ ಇಲ್ಲ. ನಳ ಬರುವ ಹಿಂದಿನ ರಾತ್ರಿ ಬ್ಯಾರಲ್ ತಳ ಕಂಡಿರುತ್ತದೆ. ಆಗ ಎರಡು ತಂಬಿಗೆ ನೀರಲ್ಲಿ ತಿಕ್ಕಿ ಬಟ್ಟೆ ಕಟ್ಟಿದರೆ ಆಯಿತು. ನೀರು ಬರುವ ದಿನ ಮೊದಲೇ ಗೊತ್ತಾಗುವಂತೆ ಪುರಸಭೆ ನೋಡಿಕೊಂಡರೆ ಅದೇ ಅರ್ಧ ಸೊಳ್ಳೆ ನಿಯಂತ್ರಣ.

ಮುಂದಿನ ಮಳೆಗಾಲಕ್ಕೆ ಮುಂಚೆ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಖಾಲಿ ಮಾಡಲು ಬಾರದ ಟಾಕಿಗಳ ಪಟ್ಟಿ ಮಾಡಿಸಿ, ಗಪ್ಪಿಯನ್ನು ಆ ಮನೆಗಳಿಗಷ್ಟೇ ಕೊಡಿ. ಉಳಿದ ಮನೆಗಳಿಗೆ ಒಂದೊಂದು ಬ್ರಷ್ ಕೊಡಿ. ಗಟಾರದ ಮುಂದೆ ನಿಂತು ಫೋಟೊ ತೆಗೆಸುವುದನ್ನು ನಿಲ್ಲಿಸಿ.